ಶುಗರ್ ಕಾಯಿಲೆಯ ಸೇವೆಯಲ್ಲಿ ಬದಲಾವಣೆ ತಂದ ಮೇಲೆ ಉಪಯೋಗ ಆಯಿತೋ ಇಲ್ಲವೋ ನೋಡುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಸರ್ಕಾರದ ‘ನಮ್ಮ ಕ್ಲಿನಿಕ್’, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಕೆಲಸ ಮಾಡುವ ಡಾಕ್ಟರು, ನರ್ಸು, ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ), ಆಶಾ ಕಾರ್ಯಕರ್ತೆಯರಿಗಾಗಿ ಇದನ್ನು ಬರೆದಿದ್ದೇನೆ. ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೂರುವವರಿಗೂ ಉಪಯೋಗ ಆದೀತು. ಕೆಲವು ಉತ್ತರ ಉದ್ದ ಇವೆ, ಕೆಲವು ಎರಡೇ ಮಾತು. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಆದರೆ ಐದನೇದನ್ನು ಮಾತ್ರ ಬಿಡಬೇಡಿ.

1. ಬದಲಾವಣೆ ಅಂದರೆ ಯಾವ್ಯಾವುದು?

ದೊಡ್ಡ ಯೋಜನೆಯೇ ಆಗಬೇಕಿಲ್ಲ. ತಿಂಗಳಿಗೊಮ್ಮೆ ಕೊಡುತ್ತಿದ್ದ ಗುಳಿಗೆಯನ್ನು ಎರಡು ತಿಂಗಳಿಗೆ ಒಟ್ಟಿಗೆ ಕೊಡಲು ಶುರು ಮಾಡಿದಿರಿ. ಶುಗರ್-ಬಿಪಿ ದಿನವನ್ನು ಊರಿನ ಸಂತೆ ದಿನಕ್ಕೆ ಹಾಕಿದಿರಿ. ಪಿಎಚ್‌ಸಿಗೆ ಬರಬೇಕಿದ್ದವರಿಗೆ ಸಬ್ ಸೆಂಟರ್‌ನಲ್ಲೇ ಸಿಎಚ್‌ಒ ಗುಳಿಗೆ ಕೊಡುವ ಹಾಗೆ ಮಾಡಿದಿರಿ. ತಪ್ಪಿಸಿಕೊಂಡವರಿಗೆ ಫೋನ್ ಮಾಡಿಸಿದಿರಿ. ವರ್ಷಕ್ಕೊಮ್ಮೆ ಎಲ್ಲರ ಪಾದ ನೋಡುವ ರೂಢಿ ತಂದಿರಿ. ಇವೆಲ್ಲ ಬದಲಾವಣೆಯೇ. ಒಂದೊಂದಕ್ಕೂ ಯಾರದೋ ಸಮಯ ಹೋಗುತ್ತದೆ, ದುಡ್ಡು ಹೋಗುತ್ತದೆ. ಅದಕ್ಕೇ ಕೇಳಬೇಕು: ಉಪಯೋಗ ಆಯ್ತಾ? ಯಾರಿಗೆ ಆಯ್ತು?

2. ಜನ ಖುಷಿಯಾಗಿದ್ದಾರೆ, ಎಲ್ಲ ಚೆನ್ನಾಗಿ ನಡೀತಿದೆ. ಮತ್ತೆ ಅಳೆಯೋದು ಯಾಕೆ?

ಖುಷಿಯಾಗಿದ್ದಾರೆ ಅಂತ ನಿಮಗೆ ಹೇಳಿದವರು ಯಾರು? ದವಾಖಾನೆಗೆ ಬಂದವರು. ಬರದೇ ಇದ್ದವರು ಏನೂ ಹೇಳಿಲ್ಲ, ಅವರು ನಿಮ್ಮ ಮುಂದೆ ಇಲ್ಲವೇ ಇಲ್ಲ. ಶುಗರ್ ಕಾಯಿಲೆಯಲ್ಲಿ ಕಣ್ಣು, ಕಿಡ್ನಿ, ಕಾಲು ಕಳೆದುಕೊಳ್ಳುವವರು ಹೆಚ್ಚಾಗಿ ನಡುವೆ ಬಿಟ್ಟವರ ಪೈಕಿಯೇ ಇರುತ್ತಾರೆ. ಹಾಗಾಗಿ ಕೋಣೆಯಲ್ಲಿ ಕೂತವರ ಮುಖ ನೋಡಿ ಸೇವೆ ಸುಧಾರಿಸಿತು ಅಂತ ತೀರ್ಮಾನ ಮಾಡಬಾರದು.

ಇನ್ನೊಂದು ಮಾತು. ಈ ಕೆಲಸದ ಗಾತ್ರ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಇಷ್ಟು ಜನರನ್ನು ದೊಡ್ಡ ಆಸ್ಪತ್ರೆಗಳು ನೋಡಿಕೊಳ್ಳೋಕೆ ಆಗಲ್ಲ. ಹುಬ್ಬಳ್ಳಿಯ ಕಿಮ್ಸ್‌ಗೆ ಬಸ್ ಹತ್ತುವ ಮೊದಲೇ, ಊರ ದವಾಖಾನೆಯಲ್ಲೇ ಇದು ನಡೆಯಬೇಕು. ಅಲ್ಲಿ ಮಾಡುವ ಬದಲಾವಣೆ ಸರಿ ಇದೆಯೋ ಇಲ್ಲವೋ ಅನ್ನುವುದು ಬಹಳ ಜನರ ಬದುಕಿನ ಪ್ರಶ್ನೆ.

3. ಎಲ್ಲಿಂದ ಶುರು ಮಾಡಬೇಕು?

ಬದಲಾವಣೆ ಶುರುವಾಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಏನು ಬದಲಾಯಿಸುತ್ತಿದ್ದೀರಿ, ಯಾವ ತಾರೀಖಿನಿಂದ, ಯಾರಿಗೆ, ಯಾವ ಒಂದು ಅಳತೆ ಸುಧಾರಿಸಬೇಕು ಅಂತ ನಿಮ್ಮ ನಿರೀಕ್ಷೆ, ಎಷ್ಟು ಸುಧಾರಿಸಿದರೆ ಮುಂದುವರಿಸುತ್ತೀರಿ, ಇಷ್ಟನ್ನು ಬರೆಯಿರಿ. ಕೆಳಗೆ ವೈದ್ಯಾಧಿಕಾರಿಯ ಸಹಿ, ದಿನಾಂಕ. ಅಷ್ಟೇ.

ಇದು ಯಾಕೆ ಮುಖ್ಯ ಅಂದರೆ, ಕೊನೆಯಲ್ಲಿ ಹತ್ತು ಅಂಕಿಗಳಲ್ಲಿ ಒಂದಾದರೂ ಮೇಲೆ ಹೋಗಿಯೇ ಇರುತ್ತದೆ. ಅದನ್ನೇ ಹಿಡಿದು ಯಶಸ್ಸು ಅನ್ನುವುದು ಸುಲಭ. ಮೊದಲೇ ಬರೆದಿಟ್ಟರೆ ಆ ದಾರಿ ಮುಚ್ಚುತ್ತದೆ. ಜಿಲ್ಲಾ ಮಟ್ಟದ ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗಲೂ ಆ ಹಾಳೆ ನಿಮ್ಮ ಬೆನ್ನಿಗೆ ನಿಲ್ಲುತ್ತದೆ.

4. ಏನೇನು ಅಳೆಯಬೇಕು?

ಅಮೆರಿಕದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲೇ ಮೂರು ಭಾಗ ಮಾಡಿ ಹೇಳಿದ್ದರು, ಇವತ್ತಿಗೂ ಅದಕ್ಕಿಂತ ಸರಳವಾದದ್ದು ನನಗೆ ಸಿಕ್ಕಿಲ್ಲ: ದವಾಖಾನೆಯಲ್ಲಿ ಏನಿದೆ, ಏನು ಮಾಡುತ್ತೀರಿ, ಅದರಿಂದ ಏನಾಯಿತು.

ಏನಿದೆ ಅಂದರೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗೆ ತಿಂಗಳಲ್ಲಿ ಎಷ್ಟು ದಿನ ಸ್ಟಾಕ್ ಇರಲಿಲ್ಲ, ಶುಗರ್ ನೋಡುವ ಸ್ಟ್ರಿಪ್ ಇದೆಯಾ, ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗೆ ಇದೆಯಾ. ಏನು ಮಾಡುತ್ತೀರಿ ಅಂದರೆ ಬಂದವರಿಗೆಲ್ಲ ಬಿಪಿ ನೋಡಿದಿರಾ, ವರ್ಷದಲ್ಲಿ ಒಮ್ಮೆ ಪಾದಕ್ಕೆ ಮೋನೋಫಿಲಮೆಂಟ್ (ತೆಳು ನೈಲಾನ್ ಎಳೆ) ಮುಟ್ಟಿಸಿ ಸ್ಪರ್ಶ ಗೊತ್ತಾಗುತ್ತದೆಯಾ ಅಂತ ನೋಡಿದಿರಾ, ಕಣ್ಣಿನ ಪರೀಕ್ಷೆಗೆ ಕಳಿಸಿದಿರಾ, ಮೂತ್ರದಲ್ಲಿ ಅಲ್ಬುಮಿನ್ ನೋಡಿದಿರಾ. ಏನಾಯಿತು ಅಂದರೆ ಶುಗರ್, ಬಿಪಿ ಹತೋಟಿ, ಆಸ್ಪತ್ರೆ ಸೇರಿದವರು, ಕಾಲಿನ ಹುಣ್ಣು.

ಈ ಮೂರನೇದರ ಬಗ್ಗೆ ಅವಸರ ಬೇಡ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1977ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆಯಿತು. ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) ಶೇ 1ರಷ್ಟು ಕಡಿಮೆ ಇದ್ದವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಶೇ 37ರಷ್ಟು ಕಡಿಮೆ ಇತ್ತು ಅಂತ ಗೊತ್ತಾಗಲು ಅಷ್ಟು ಕಾಲ ಹಿಡಿಯಿತು. ಒಂದು ವರ್ಷದ ಫೋನ್ ಕರೆಯಿಂದ ಕಾಲು ಕತ್ತರಿಸುವುದು ಕಡಿಮೆ ಆಯಿತು ಅಂತ ಒಂದು ಪಿಎಚ್‌ಸಿ ಹೇಳಿದರೆ ನಾನು ನಂಬುವುದಿಲ್ಲ. ಶುಗರ್, ಬಿಪಿ, ಬರುವಿಕೆ, ಇವು ಒಂದು ವರ್ಷದಲ್ಲಿ ಬದಲಾಗಬಹುದು. ಅಲ್ಲಿಗೆ ನಿಲ್ಲಿಸಿ.

ಹಾನಿಯನ್ನೂ ಅಳೆಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ. ಶುಗರ್ ಇಳಿಸಲೇಬೇಕು ಅಂತ ಹಟ ಹಿಡಿದಾಗ ವಯಸ್ಸಾದವರಲ್ಲಿ, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳುವವರಲ್ಲಿ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗುತ್ತದೆ. ಪ್ರತಿ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿ ಬರೆದುಕೊಂಡರೂ ಸಾಕು: "ಹೋದ ಸಲ ಬಂದು ಹೋದ ಮ್ಯಾಲೆ ಎಂದರ ಕಣ್ಣಿಗೆ ಕತ್ತಲಿ ಬಂದು, ಕೈ ನಡುಗಿದ್ದು ಐತೇನ್ರಿ?"

5. ಹತೋಟಿ ಶೇಕಡಾ ಎಷ್ಟು ಅಂತ ಲೆಕ್ಕ ಹಾಕುವಾಗ ಯಾವ ಸಂಖ್ಯೆಯಿಂದ ಭಾಗಿಸಬೇಕು?

ಈ ಪುಟದಲ್ಲಿ ಇರುವ ಅತಿ ಮುಖ್ಯ ಪ್ರಶ್ನೆ ಇದು.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಒಂದು ದವಾಖಾನೆಯಲ್ಲಿ 200 ಜನ ಶುಗರ್ ರೋಗಿಗಳು ಹೆಸರು ಹಚ್ಚಿದ್ದಾರೆ. ಈ ಮೂರು ತಿಂಗಳಲ್ಲಿ ಬಂದವರು 90. ಅವರಲ್ಲಿ 54 ಜನರ ಶುಗರ್ ಹತೋಟಿಯಲ್ಲಿದೆ. 90ರಿಂದ ಭಾಗಿಸಿದರೆ ಶೇ 60. 200ರಿಂದ ಭಾಗಿಸಿದರೆ ಶೇ 27. ಎರಡೂ ಅದೇ ದವಾಖಾನೆ, ಅದೇ ರಿಜಿಸ್ಟರ್. ಸಭೆಯಲ್ಲಿ ಹೇಳುವುದು ಯಾವಾಗಲೂ ಮೊದಲನೇದು.

ಈಗ ಇದರ ಮೇಲೆ ಒಂದು ಬದಲಾವಣೆ ಬರಲಿ. ಪಾಳಿ ಉದ್ದ ಆಗುತ್ತದೆ ಅಂತ ಶುಗರ್ ದಿನವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಹೊತ್ತು ಮಾತ್ರ ಅಂತ ಮಾಡಿದಿರಿ. ಹೊಲಕ್ಕೆ ಹೋಗುವವರು, ಕೂಲಿಯವರು ಬರುವುದು ಬಿಟ್ಟರು. ಬರುವವರು 60ಕ್ಕೆ ಇಳಿದರು. ಮನೆಯಲ್ಲಿ ಇರುವವರು, ಕರೆದುಕೊಂಡು ಬರಲು ಮಗನೋ ಸೊಸೆಯೋ ಇರುವವರು, ಮೊದಲಿಂದಲೂ ಪಥ್ಯ ಪಾಲಿಸುವವರು ಮಾತ್ರ ಉಳಿದರು. ಅವರಲ್ಲಿ 42 ಜನರದ್ದು ಹತೋಟಿಯಲ್ಲಿದೆ. ಶೇ 70! ವರದಿಯಲ್ಲಿ ಸುಧಾರಣೆ. 200ರ ಲೆಕ್ಕದಲ್ಲಿ ನೋಡಿ, ಶೇ 27 ಇದ್ದದ್ದು ಶೇ 21ಕ್ಕೆ ಬಿದ್ದಿದೆ. ಸೇವೆ ಕೆಟ್ಟಿತು, ಅಂಕಿ ಸುಧಾರಿಸಿತು.

ಹಾಗಾಗಿ ಭಾಗಿಸುವ ಸಂಖ್ಯೆ ಯಾವಾಗಲೂ ಹೆಸರು ಹಚ್ಚಿದವರೆಲ್ಲರದು. ಬಂದು ಹತೋಟಿಯಲ್ಲಿ ಇರುವವರು, ಬಂದು ಹತೋಟಿ ತಪ್ಪಿದವರು, ಬರದವರು, ಹೀಗೆ ಮೂರು ಗುಂಪು ಮಾಡಿ. ಮೂರೂ ಸೇರಿ ಒಟ್ಟು ಸಂಖ್ಯೆಗೆ ಸಮ ಆಗಲೇಬೇಕು. ಬಿಪಿ ಕಾರ್ಯಕ್ರಮದಲ್ಲಿ ಭಾರತೀಯ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಮಾಡುವುದೂ ಸುಮಾರು ಹೀಗೆಯೇ. ಶುಗರ್‌ಗೂ ಇದನ್ನೇ ತನ್ನಿ.

6. ಎಚ್‌ಬಿಎ1ಸಿ ಬೇಕೇ ಬೇಕಾ, ಖಾಲಿ ಹೊಟ್ಟೆ ಶುಗರ್ ಸಾಕಾಗಲ್ವಾ?

ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ, ಆ ದಿನ ಏನು ತಿಂದರು ಅನ್ನುವುದು ಅಡ್ಡ ಬರಲ್ಲ. ಸಿಗುವುದಾದರೆ ಅದೇ ಒಳ್ಳೇದು. ಆದರೆ ನಮ್ಮ ಎಷ್ಟೋ ಪಿಎಚ್‌ಸಿಗಳಲ್ಲಿ ಸಿಗಲ್ಲ, ಸಿಕ್ಕರೂ ಎಲ್ಲರಿಗೂ ಆಗಲ್ಲ. ಆಗ ಖಾಲಿ ಹೊಟ್ಟೆಯದ್ದೇ ಗತಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಖಾಲಿ ಹೊಟ್ಟೆ ನಿಜಕ್ಕೂ ಖಾಲಿ ಇರಬೇಕು.

ಒಮ್ಮೆ ರಿಜಿಸ್ಟರ್ ಪಕ್ಕದಲ್ಲಿ ಕೂತು ನೋಡಿ. ಎಫ್‌ಬಿಎಸ್ (ಖಾಲಿ ಹೊಟ್ಟೆ ಶುಗರ್) ಅಂತ ಕಾಲಂ ಇರುತ್ತದೆ. ಹನ್ನೊಂದೂವರೆಗೆ ಬಸ್ಸಿಳಿದು ಬಂದ ಅಜ್ಜಿಯ ಬೆರಳು ಚುಚ್ಚಿ 188 ಅಂತ ಆ ಕಾಲಮ್ಮಿನಲ್ಲೇ ಬರೆಯುತ್ತಾರೆ. "ಏನರ ತಿಂದಿದ್ರೇನವ್ವಾ?" ಅಂದರೆ, "ಏನಿಲ್ರಿ ಯಕ್ಕಾರ, ಬರೇ ಒಂದ್ ಕಪ್ ಚಾ, ಎರಡ ಬಿಸ್ಕೀಟ" ಅನ್ನುತ್ತಾರೆ. ಆ ಕಡೆಯಿಂದ ನೋಡಿದರೆ ಅದು ನಿಜಕ್ಕೂ ಏನೂ ತಿಂದಿಲ್ಲ ಅನ್ನುವ ಲೆಕ್ಕವೇ, ರೊಟ್ಟಿ ಆಗಿಲ್ಲವಲ್ಲ. ಬೆಳಿಗ್ಗೆ ಆರಕ್ಕೆ ಎದ್ದವರು ಹನ್ನೊಂದರವರೆಗೆ ಉಪವಾಸ ಇರಬೇಕು ಅಂತ ನಿರೀಕ್ಷೆ ಮಾಡುವುದೂ ಸರಿಯಲ್ಲ, ಗುಳಿಗೆ ತಗೊಂಡವರಿಗಂತೂ ಅಪಾಯ. ಹಾಗಾಗಿ ಕಾಲಮ್ಮಿನ ಪಕ್ಕ ಕೊನೆಯ ಸಲ ತಿಂದ ಅಥವಾ ಚಹಾ ಕುಡಿದ ಹೊತ್ತು ಬರೆಯಿರಿ. ಎಂಟು ಗಂಟೆ ಆಗಿಲ್ಲದಿದ್ದರೆ ಅದು ಆರ್‌ಬಿಎಸ್ (ಯಾವುದೋ ಹೊತ್ತಿನ ಶುಗರ್), ಆ ಕಾಲಮ್ಮಿಗೆ ಹೋಗಲಿ.

ಎಚ್‌ಬಿಎ1ಸಿಗೂ ಒಂದು ತೊಡಕಿದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಇತ್ತು. ಹೀಗಿರುವಾಗ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಬೇಕು. ಬಹಳ ಜನರಿಗೆ ಎಚ್‌ಬಿಎ1ಸಿ ಶೇ 7ಕ್ಕಿಂತ ಕಡಿಮೆ ಅನ್ನುವುದು ಗುರಿ, ವಯಸ್ಸಾದವರಿಗೆ ಸಡಿಲ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಟ್ಟ ಜಾಗತಿಕ ಗುರಿಯಲ್ಲಿ ಹತೋಟಿಯ ಗೆರೆ ಶೇ 8. ಯಾವುದಾದರೂ ಆಗಲಿ, ನಡುವೆ ಬದಲಾಯಿಸಬೇಡಿ.

7. ಗ್ಲುಕೋಮೀಟರ್ ನಂಬಬಹುದಾ?

ನಂಬಬಹುದು, ಅದರ ಮಿತಿಯಲ್ಲಿ. ಐಎಸ್‌ಒ 15197 ಮಾನದಂಡ ಒಳ್ಳೆಯ ಮೀಟರ್‌ಗೂ ಶುಗರ್ 100 ಅಥವಾ ಅದಕ್ಕಿಂತ ಹೆಚ್ಚು ಇದ್ದಾಗ ಶೇ 15ರಷ್ಟು ಹೆಚ್ಚು-ಕಡಿಮೆ ಆಗಲು ಅವಕಾಶ ಕೊಡುತ್ತದೆ. ಒಬ್ಬರದ್ದು 160ರಿಂದ 150ಕ್ಕೆ ಬಂತು ಅಂತ ಸಂಭ್ರಮ ಪಡುವ ಹಾಗಿಲ್ಲ, ನೂರು ಜನರ ಸರಾಸರಿ ಇಳಿದರೆ ಅದಕ್ಕೆ ಅರ್ಥ ಇದೆ. ಬೇಸಿಗೆಯಲ್ಲಿ ಸ್ಟ್ರಿಪ್ ಡಬ್ಬಿ ಬಿಸಿಲಿಗೆ ಇಡಬೇಡಿ, ಮುಚ್ಚಳ ತೆರೆದು ಬಿಡಬೇಡಿ. ಬೆರಳಿಗೆ ಬೆಲ್ಲ, ಹಣ್ಣಿನ ಅಂಟು ಇದ್ದರೆ ಕೈ ತೊಳೆಸಿ. ನಡುವೆ ಮೀಟರ್ ಕಂಪನಿ ಬದಲಾದರೆ ಆ ತಾರೀಖು ಬರೆದಿಡಿ. ಮೀಟರ್ ಬದಲಾಗಿದ್ದನ್ನು ಜನರ ಶುಗರ್ ಬದಲಾಯಿತು ಅಂತ ತಿಳಿದುಕೊಳ್ಳುವ ಅಪಾಯ ಇದೆ.

8. ಮೊದಲಿಗಿಂತ ಶುಗರ್ ಇಳಿದಿದೆ. ನಮ್ಮ ಬದಲಾವಣೆಯಿಂದಲೇ ಅನ್ನಬಹುದಲ್ವಾ?

ಅಷ್ಟು ಬೇಗ ಅನ್ನಬೇಡಿ.

ಬಹಳ ಕಡೆ ಮಾಡುವುದು ಹೀಗೆ: ಶುಗರ್ 300 ದಾಟಿದವರನ್ನು ಆರಿಸಿ, ಅವರಿಗೆ ವಿಶೇಷ ಸಲಹೆ ಕೊಟ್ಟು, ಮೂರು ತಿಂಗಳಾದ ಮೇಲೆ ಮತ್ತೆ ನೋಡುವುದು. ಇಳಿದಿರುತ್ತದೆ. ನೀವು ಏನೂ ಮಾಡದಿದ್ದರೂ ಒಂದಷ್ಟು ಇಳಿಯುತ್ತಿತ್ತು! ಯಾಕಂದರೆ 300 ಬಂದ ದಿನ ಕೆಲವರಿಗೆ ಜ್ವರ ಇತ್ತು, ಕೆಲವರು ಹಿಂದಿನ ದಿನ ಮದುವೆ ಊಟ ಮಾಡಿ ಬಂದಿದ್ದರು, ಕೆಲವರ ಗುಳಿಗೆ ವಾರದಿಂದ ಮುಗಿದಿತ್ತು. ಅತಿ ಹೆಚ್ಚು ಇದ್ದ ದಿನ ಹಿಡಿದವರನ್ನು ಮತ್ತೆ ನೋಡಿದರೆ ಅವರು ತಮ್ಮ ಎಂದಿನ ಮಟ್ಟದ ಕಡೆ ಬಂದೇ ಇರುತ್ತಾರೆ. ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆ-ತಾಯಿ, ಮಕ್ಕಳ ಎತ್ತರದಲ್ಲಿ ಇದನ್ನು ಗುರುತಿಸಿದ್ದ. ಹಾಗಾಗಿ ಹೆಚ್ಚು ಇದ್ದವರನ್ನಷ್ಟೇ ಅಲ್ಲ, ಹೆಸರು ಹಚ್ಚಿದ ಎಲ್ಲರನ್ನೂ ನೋಡಿ.

ಇನ್ನೊಂದು ಕಾರಣ, ಸುತ್ತಲಿನ ಬೇರೆ ಬದಲಾವಣೆಗಳು. ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಪಾಠ ಇದೆ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಅಂತ ಒಂದು ಪ್ರಯೋಗ ನಡೆಯಿತು, 2019ರಲ್ಲಿ ಪ್ರಕಟ ಆಯಿತು. ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟು, ಯಾವ ಔಷಧ ಸೂಕ್ತ ಅಂತ ಅದು ಸಲಹೆ ಕೊಡುವ, ರೋಗಿಗಳಿಗೆ ನೆನಪಿನ ಸಂದೇಶ ಕಳಿಸುವ ವ್ಯವಸ್ಥೆ. ಉಳಿದ ಅರ್ಧದಲ್ಲಿ ಸಿಬ್ಬಂದಿಗೆ ತರಬೇತಿ, ಗೋಡೆಗೆ ಚಿಕಿತ್ಸೆಯ ಚಾರ್ಟು, ಇಷ್ಟೇ. ಒಂದು ವರ್ಷದ ನಂತರ ಟ್ಯಾಬ್ಲೆಟ್ ಇದ್ದ ಕಡೆ ಬಿಪಿ, ಶುಗರ್ ಎರಡೂ ಇಳಿದಿದ್ದವು. ಇಲ್ಲದ ಕಡೆಯೂ ಹೆಚ್ಚೂ ಕಡಿಮೆ ಅಷ್ಟೇ ಇಳಿದಿದ್ದವು. ಹೋಲಿಕೆಗೆ ಆ ಎರಡನೇ ಗುಂಪು ಇಲ್ಲದೇ ಹೋಗಿದ್ದರೆ? ಟ್ಯಾಬ್ಲೆಟ್ಟಿನಿಂದಲೇ ಆಯಿತು ಅಂತ ಎಲ್ಲರೂ ಒಪ್ಪಿಕೊಂಡು, ಎಲ್ಲ ಕೇಂದ್ರಗಳಿಗೂ ಕೊಳ್ಳಲು ಹೊರಡುತ್ತಿದ್ದರು.

9. ಹೋಲಿಸೋಕೆ ಇನ್ನೊಂದು ದವಾಖಾನೆ ಎಲ್ಲಿಂದ ತರೋದು? ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದೇ ಇರೋದು ನ್ಯಾಯವಾ?

ಯಾರಿಗೂ ಇಲ್ಲ ಅನ್ನಬೇಕಿಲ್ಲ. ಹೇಗೂ ಒಂದೇ ದಿನ ಇಡೀ ತಾಲ್ಲೂಕಿಗೆ ತರಲು ಆಗಲ್ಲ, ತರಬೇತಿ ಕೊಡುವವರು ಅಷ್ಟು ಜನ ಇರಲ್ಲ. ಕುಂದಗೋಳ ತಾಲ್ಲೂಕು ಅಂತ ಇಟ್ಟುಕೊಳ್ಳಿ. ಮೊದಲ ಮೂರು ತಿಂಗಳು ಎರಡು ಪಿಎಚ್‌ಸಿ, ಮುಂದಿನ ಮೂರು ತಿಂಗಳಿಗೆ ಇನ್ನೆರಡು, ಹೀಗೆ ಸರದಿಯಲ್ಲಿ ಎಲ್ಲರಿಗೂ ಬರಲಿ. ಯಾರು ಮೊದಲು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನ ಮಾಡಿ, ಉತ್ಸಾಹ ಇರುವ ಡಾಕ್ಟರ ದವಾಖಾನೆಯನ್ನು ಮೊದಲು ಆರಿಸಬೇಡಿ. ಅಲ್ಲಿ ಏನು ಮಾಡಿದರೂ ಚೆನ್ನಾಗಿಯೇ ನಡೆಯುತ್ತದೆ. ಸರದಿ ಬರದ ದವಾಖಾನೆಗಳು ಆ ಹೊತ್ತಿಗೆ ಹೋಲಿಕೆಗೆ ಒದಗುತ್ತವೆ. ಗ್ಯಾಂಬಿಯಾ ದೇಶದಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು 1980ರ ದಶಕದಲ್ಲಿ ಹೀಗೇ ಹಂತಹಂತವಾಗಿ ಹಂಚಿ ಪರಿಣಾಮ ನೋಡಿದರು.

ಹೋಲಿಸುವಾಗ ಸಮ-ಸಮ ಇರಲಿ. ಹುಬ್ಬಳ್ಳಿ ನಗರದ ನಮ್ಮ ಕ್ಲಿನಿಕ್‌ಗೂ ರೋಣ ತಾಲ್ಲೂಕಿನ ಒಂದು ಹಳ್ಳಿಯ ಪಿಎಚ್‌ಸಿಗೂ ಹೋಲಿಕೆ ಆಗಲ್ಲ. ನಗರದಲ್ಲಿ ನಾಲ್ಕು ಹೆಜ್ಜೆಗೆ ಖಾಸಗಿ ಲ್ಯಾಬ್, ಜನೌಷಧಿ ಅಂಗಡಿ ಇದೆ. ಹಳ್ಳಿಯಲ್ಲಿ ಸಂಜೆ ಬಸ್ ತಪ್ಪಿದರೆ ಮುಗೀತು.

10. ನಮ್ಮದು ಚಿಕ್ಕ ದವಾಖಾನೆ. ಇಷ್ಟು ಕಡಿಮೆ ಜನರಲ್ಲಿ ಏನು ಗೊತ್ತಾಗುತ್ತೆ?

ಗೋಡೆಯ ಮೇಲೆ ಒಂದು ಗ್ರಾಫ್ ಹಾಳೆ ಹಚ್ಚಿ. ಪ್ರತಿ ತಿಂಗಳು ಒಂದು ಚುಕ್ಕೆ: ಹೆಸರು ಹಚ್ಚಿದವರಲ್ಲಿ ಶೇಕಡಾ ಎಷ್ಟು ಜನ ಬಂದು ಹತೋಟಿಯಲ್ಲಿ ಇದ್ದರು. ಹಳೆಯ ರಿಜಿಸ್ಟರ್ ತೆಗೆದು ಹಿಂದಿನ ವರ್ಷದ ಚುಕ್ಕೆಗಳನ್ನೂ ಹಾಕಿ, ಅವುಗಳಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ ಬರುವ ಹಾಗೆ ಒಂದು ಅಡ್ಡಗೆರೆ ಎಳೆಯಿರಿ. ಬದಲಾವಣೆ ಶುರುವಾದ ತಿಂಗಳಿಗೆ ಒಂದು ನೆಟ್ಟಗೆರೆ. ಆಮೇಲಿನ ಚುಕ್ಕೆಗಳಲ್ಲಿ ಸತತ ಆರು ಚುಕ್ಕೆ ಅಡ್ಡಗೆರೆಗಿಂತ ಮೇಲೆಯೇ ಬಿದ್ದರೆ ಏನೋ ನಿಜಕ್ಕೂ ಬದಲಾಗಿದೆ ಅಂತ ತಿಳಿಯಬಹುದು. ಒಂದು ಮೇಲೆ, ಒಂದು ಕೆಳಗೆ ಅಂತ ಇದ್ದರೆ ಸುಮ್ನೆ ಏರಿಳಿತ. ಇದಕ್ಕೆ ಕಂಪ್ಯೂಟರೂ ಬೇಡ. ನನ್ನ ಅಭಿಪ್ರಾಯದಲ್ಲಿ ಒಂದು ಪಿಎಚ್‌ಸಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

11. ಎಷ್ಟು ದಿನ ನೋಡಬೇಕು?

ಕನಿಷ್ಠ ಒಂದು ಪೂರ್ತಿ ವರ್ಷ. ನಮ್ಮ ಭಾಗದ ವರ್ಷ ಹೇಗಿದೆ ನೋಡಿ. ಮುಂಗಾರು ಬಿತ್ತನೆ ಶುರುವಾದರೆ ದವಾಖಾನೆ ಖಾಲಿ. ಶ್ರಾವಣದಲ್ಲಿ ಸೋಮವಾರದ ಉಪವಾಸ, ರಂಜಾನ್ ತಿಂಗಳ ಉಪವಾಸದಲ್ಲಿ ಗುಳಿಗೆಯ ಹೊತ್ತೇ ಬದಲು. ದಸರೆ, ದೀಪಾವಳಿಯಲ್ಲಿ ಹೋಳಿಗೆ, ಕರ್ಚಿಕಾಯಿ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಬುತ್ತಿ. ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ಸೀಸನ್ ಬಂದರೆ ತೊಟ್ಟು ತೆಗೆಯುವ ಹೆಣ್ಣುಮಕ್ಕಳಿಗೆ ಅರ್ಧ ದಿನದ ಕೂಲಿ ಬಿಟ್ಟು ಬರಲು ಆಗಲ್ಲ. ಮುಂಡರಗಿ, ಗಜೇಂದ್ರಗಡದ ಕಡೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದವರು ತಿಂಗಳುಗಟ್ಟಲೆ ಊರಲ್ಲಿ ಇರಲ್ಲ. ಜೂನ್ ತಿಂಗಳನ್ನು ಡಿಸೆಂಬರ್ ಜೊತೆ ಹೋಲಿಸಿದರೆ ನೀವು ಅಳೆದದ್ದು ಬೆಳೆಯನ್ನು, ಸೇವೆಯನ್ನಲ್ಲ. ಈ ಜೂನನ್ನು ಹೋದ ಜೂನ್ ಜೊತೆ ಹೋಲಿಸಿ.

12. ಬರೋದು ಬಿಟ್ಟವರನ್ನು ಹುಡುಕೋದು ಹೇಗೆ? ಹುಡುಕಿ ಏನು ಕೇಳಬೇಕು?

ಮೂರು ತಿಂಗಳಿಂದ ಬರದವರ ಹೆಸರು ತೆಗೆದು ಓಣಿವಾರು ಆಶಾ ಅಕ್ಕನಿಗೆ ಕೊಡಿ. ಒಬ್ಬ ಆಶಾ ಸುಮಾರು ಸಾವಿರ ಜನರನ್ನು ನೋಡಿಕೊಳ್ಳುತ್ತಾರೆ, ಯಾರ ಮನೆಯಲ್ಲಿ ಏನಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ. ಪಟ್ಟಿ ಉದ್ದ ಇದ್ದರೆ ಚೀಟಿ ಎತ್ತಿ ಒಂದಷ್ಟು ಹೆಸರು ಆರಿಸಿ, ಆದರೆ ಆರಿಸಿದವರನ್ನು ಬಿಡದೆ ಹುಡುಕಿ. ಸುಲಭಕ್ಕೆ ಸಿಕ್ಕವರನ್ನಷ್ಟೇ ಕೇಳಿದರೆ ಮತ್ತೆ ಅದೇ ತಪ್ಪು ದಾರಿ.

ಸಿಗುವ ಉತ್ತರಗಳು ಬೇರೆ ಬೇರೆ. ಕೆಲವರು ತೀರಿಕೊಂಡಿರುತ್ತಾರೆ, ರಿಜಿಸ್ಟರಿನಲ್ಲಿ ಇನ್ನೂ ಹೆಸರು ಇರುತ್ತದೆ. ಕೆಲವರು ಖಾಸಗಿ ಡಾಕ್ಟರ ಹತ್ತಿರ ಹೋಗುತ್ತಾರೆ, ಅವರ ಶುಗರ್ ಚೆನ್ನಾಗಿಯೇ ಇರಬಹುದು. ಕೆಲವರು ಮಗಳ ಊರಿಗೆ ಹೋಗಿದ್ದಾರೆ. ಕೆಲವರು ಆರಾಮ ಅನ್ನಿಸಿತು ಅಂತ ಗುಳಿಗೆ ಬಿಟ್ಟಿದ್ದಾರೆ. ಕೆಲವರು ಹೇಳುವುದು ಕೇಳಿದರೆ ಸಂಕಟ ಆಗುತ್ತದೆ: "ಎರಡ್ ಸರತೆ ಬಂದ್ನಿರಿ, ಗುಳಿಗಿ ಇಲ್ಲ, ಮುಂದಿನ ವಾರ ಬಾ ಅಂದ್ರು. ಬಸ್ ಚಾರ್ಜು, ಕೂಲಿ ಎರಡೂ ಹೋತು. ಮತ್ತ ಬರಾಕ ಮನಸಾಗ್ಲಿಲ್ರಿ." ಈಗ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ ಇದೆ, ಆದರೆ ಹೋದ ದಿನದ ಕೂಲಿಯನ್ನು ಯಾರೂ ಕೊಡಲ್ಲ.

ಈ ಕಾರಣಗಳನ್ನು ಬೇರೆ ಬೇರೆ ಎಣಿಸಿ. ಗುಳಿಗೆ ಸ್ಟಾಕ್ ಇಲ್ಲದೆ ಬಿಟ್ಟವರು ಜಾಸ್ತಿ ಇದ್ದರೆ ಫೋನ್ ಕರೆಯಿಂದ ಏನೂ ಆಗಲ್ಲ, ಮೊದಲು ಔಷಧ ಉಗ್ರಾಣದ ಇಂಡೆಂಟ್ (ಬೇಡಿಕೆ ಪಟ್ಟಿ) ಸರಿ ಮಾಡಬೇಕು. ತೀರಿಕೊಂಡವರನ್ನು ಸಾವು ಅಂತಲೇ ಬರೆಯಿರಿ, ಸುಮ್ನೆ ಹೆಸರು ಹೊಡೆದು ಹಾಕಬೇಡಿ. ಅದೂ ಒಂದು ಫಲಿತಾಂಶವೇ.

13. ಸ್ಕ್ರೀನಿಂಗ್ ಸಂಖ್ಯೆ ದುಪ್ಪಟ್ಟಾಗಿದೆ. ಇದು ಯಶಸ್ಸಲ್ವಾ?

ಅರ್ಧ ಕೆಲಸ. 30 ವರ್ಷ ದಾಟಿದವರಿಗೆಲ್ಲ ಆಶಾ ಅವರು ಕಾಯಿಲೆಯ ಅಪಾಯ ಅಂದಾಜು ಮಾಡುವ ಸಿ-ಬ್ಯಾಕ್ ಫಾರಂ ತುಂಬುತ್ತಾರೆ, ಅಂಕ 4 ದಾಟಿದವರನ್ನು ಮೊದಲು ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದಿನ ಮೆಟ್ಟಿಲುಗಳನ್ನು ನೋಡಿ: ಬೆರಳು ಚುಚ್ಚಿ ಜಾಸ್ತಿ ಬಂದವರು ಎಷ್ಟು, ಅವರಲ್ಲಿ ಪಿಎಚ್‌ಸಿಗೆ ಬಂದು ಖಚಿತ ಮಾಡಿಕೊಂಡವರು ಎಷ್ಟು, ಗುಳಿಗೆ ಶುರು ಮಾಡಿದವರು ಎಷ್ಟು, ಆರು ತಿಂಗಳಾದ ಮೇಲೂ ಬರುತ್ತಿರುವವರು ಎಷ್ಟು. ಜನ ಎಲ್ಲಿ ಹೆಚ್ಚು ಉದುರುತ್ತಾರೋ ಅಲ್ಲಿ ಬದಲಾವಣೆ ಬೇಕು.

ಒಂದು ಎಚ್ಚರಿಕೆಯ ಮಾತು. ಸ್ಕ್ರೀನಿಂಗ್ ಜಾಸ್ತಿ ಆದಾಗ ಹೊಸದಾಗಿ ಸಿಗುವವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಈಗಷ್ಟೇ ಶುರು, ಒಂದು ಮೆಟ್‌ಫಾರ್ಮಿನ್‌ಗೇ ಹತೋಟಿಗೆ ಬರುತ್ತಾರೆ. ಅವರು ಸೇರಿದ ಕೂಡಲೇ ಇಡೀ ದವಾಖಾನೆಯ ಹತೋಟಿ ಪ್ರಮಾಣ ತಾನಾಗೇ ಏರುತ್ತದೆ, ಹತ್ತು ವರ್ಷದ ಹಳೇ ರೋಗಿಗಳು ಇದ್ದಲ್ಲೇ ಇದ್ದರೂ! ಹಾಗಾಗಿ ಹೊಸಬರ, ಹಳಬರ ಲೆಕ್ಕ ಬೇರೆ ಬೇರೆ ಇಡಿ.

14. ಆಶಾ, ಸಿಎಚ್‌ಒಗಳಿಗೆ ಈಗಾಗಲೇ ಬರೆಯುವ ಕೆಲಸ ಸಾಕಷ್ಟಿದೆ. ಇನ್ನೂ ಒಂದು ರಿಜಿಸ್ಟರಾ?

ಬೇಡ. ಖಂಡಿತ ಬೇಡ. ಸಾಂಕ್ರಾಮಿಕವಲ್ಲದ ಕಾಯಿಲೆಗಳ (ಎನ್‌ಸಿಡಿ) ಪೋರ್ಟಲ್‌ನಲ್ಲಿ, ರೋಗಿಯ ಕಾರ್ಡಿನಲ್ಲಿ, ಫಾರ್ಮಸಿ ವಹಿಯಲ್ಲಿ ಇರುವುದನ್ನೇ ಬಳಸಿ. ಹೊಸ ಕಾಲಂ ಒಂದು ಸೇರಿಸಿದರೆ ಯಾರೂ ನೋಡದ ಹಳೇ ಕಾಲಂ ಒಂದನ್ನು ತೆಗೆಯಿರಿ. ಬದಲಾವಣೆಯಿಂದ ಅವರ ಸಮಯ ಎಷ್ಟು ಹೋಯಿತು ಅನ್ನುವುದೂ ಮೌಲ್ಯಮಾಪನದ ಭಾಗ. ಶುಗರ್ ರೋಗಿಗಳಿಗೆ ಕೊಟ್ಟ ಹೊತ್ತು ಬಾಣಂತಿಯರ ಭೇಟಿಯಿಂದ ಕಡಿಮೆ ಆಗಿದ್ದರೆ ಅದನ್ನು ಬರೆಯಬೇಕು.

ಅಂಕಿ ಕಡಿಮೆ ಬಂದರೆ ನೋಟಿಸ್ ಕೊಡುವ ಪದ್ಧತಿ ಇದ್ದಲ್ಲಿ ಅಂಕಿ ಎಂದೂ ಕಡಿಮೆ ಬರಲ್ಲ. ಬಿಪಿ ಕಾಲಂ ತುಂಬ 130/80, 130/80, 130/80 ಅಂತಲೇ ಇದ್ದರೆ ಅಲ್ಲಿ ಅಳತೆ ನಡೆದಿಲ್ಲ, ಭಯ ಬರೆಸಿದೆ. ಅದಕ್ಕೆ ಕಾರಣ ಆ ನರ್ಸ್ ಅಲ್ಲ.

15. ರೋಗಿಗಳ ಅಭಿಪ್ರಾಯ ಕೇಳಬೇಕಾ?

ಕೇಳಬೇಕು. ಆದರೆ ಗುಳಿಗೆ ಕೊಡುವವರೇ ಕೇಳಿದರೆ "ಎಲ್ಲಾ ಛಲೋ ಐತ್ರಿ" ಅನ್ನುವುದು ಬಿಟ್ಟು ಬೇರೆ ಉತ್ತರ ಬರಲ್ಲ. ಬೇರೆಯವರು ಕೇಳಲಿ, ಸಾಧ್ಯ ಆದರೆ ಮನೆಯಲ್ಲಿ. ತೃಪ್ತಿ ಇದೆಯಾ ಅಂತ ಕೇಳಬೇಡಿ. ಹೋದ ಸಲ ಬಂದಾಗ ಎಷ್ಟು ಹೊತ್ತು ಕೂತಿರಿ, ಎಷ್ಟು ಖರ್ಚಾಯಿತು, ಎಂದಾದರೂ ಗುಳಿಗೆ ಸಿಗದೇ ವಾಪಸ್ ಹೋಗಿದ್ದೀರಾ, ಡಾಕ್ಟರು ನಿಮ್ಮ ಪಾದ ಮುಟ್ಟಿ ನೋಡಿದರಾ, ಹೀಗೆ ನಡೆದದ್ದನ್ನು ಕೇಳಿ.

16. ನಡುವೆ ಸರ್ಕಾರದ ಬೇರೆ ಯೋಜನೆ ಬಂದರೆ ಲೆಕ್ಕ ಕೆಡಲ್ವಾ?

ಬಂದೇ ಬರುತ್ತವೆ. ಶುಗರ್, ಹೃದ್ರೋಗ, ಕ್ಯಾನ್ಸರ್‌ನಂಥ ಕಾಯಿಲೆಗಳ ಹಳೆಯ ರಾಷ್ಟ್ರೀಯ ಕಾರ್ಯಕ್ರಮ ಎನ್‌ಪಿಸಿಡಿಸಿಎಸ್ 2023ರಲ್ಲಿ ಎನ್‌ಪಿ-ಎನ್‌ಸಿಡಿ ಆಯಿತು. 2022ರ ಡಿಸೆಂಬರ್‌ನಲ್ಲಿ ನಮ್ಮ ಕ್ಲಿನಿಕ್‌ಗಳಿಗೆ ಹುಬ್ಬಳ್ಳಿಯಲ್ಲೇ ಚಾಲನೆ ಸಿಕ್ಕಿತು. ಮನೆ ಬಾಗಿಲಿಗೆ ತಪಾಸಣೆ ತರುವ ಗೃಹ ಆರೋಗ್ಯ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ತಡೆಯಲು ಆಗಲ್ಲ, ತಾರೀಖು ಹಾಕಿ ಗ್ರಾಫ್ ಮೇಲೆ ಗುರುತು ಮಾಡಿ. ಹೋಲಿಕೆಯ ದವಾಖಾನೆಗೂ ಅದೇ ಯೋಜನೆ ಅದೇ ಹೊತ್ತಿಗೆ ಬಂದಿದ್ದರೆ ತೊಂದರೆ ಕಡಿಮೆ.

17. ಒಪ್ಪಿಗೆ, ಗೌಪ್ಯತೆ?

ನಿಮ್ಮ ಸೇವೆ ಸುಧಾರಿಸಲು ನಿಮ್ಮದೇ ರಿಜಿಸ್ಟರ್ ನೋಡುವುದಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿ ಮುಂದುವರಿಯಿರಿ. ಹೆಚ್ಚುವರಿ ರಕ್ತ ತೆಗೆಯುವುದು, ಚೀಟಿ ಎತ್ತಿ ಗುಂಪು ಮಾಡುವುದು, ಪತ್ರಿಕೆಗೆ ಬರೆಯುವುದು ಇದ್ದರೆ ಮೊದಲೇ ಹತ್ತಿರದ ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯನ್ನು ಕೇಳಿ. ರೋಗಿಗಳ ಪಟ್ಟಿಯ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಯಾವ ಕಾರಣಕ್ಕೂ.

18. ಎಲ್ಲ ಮಾಡಿದ ಮೇಲೆ ಉಪಯೋಗ ಆಗಿಲ್ಲ ಅಂತ ಬಂದರೆ?

ಮೊದಲು ನೋಡಬೇಕಾದ್ದು, ಬದಲಾವಣೆ ನಿಜಕ್ಕೂ ನಡೆಯಿತಾ. ಫೋನ್ ಮಾಡಬೇಕಾದ ನೂರು ಜನರಲ್ಲಿ ಎಷ್ಟು ಜನಕ್ಕೆ ಕರೆ ಹೋಯಿತು, ಎಷ್ಟು ನಂಬರ್ ಚಾಲ್ತಿಯಲ್ಲಿತ್ತು, ಎತ್ತಿದ್ದು ರೋಗಿಯೋ ಬೆಂಗಳೂರಿನಲ್ಲಿರುವ ಮಗನೋ? ಇಪ್ಪತ್ತು ಜನಕ್ಕಷ್ಟೇ ಮುಟ್ಟಿದ್ದರೆ ಫೋನ್ ಕರೆಯಿಂದ ಪ್ರಯೋಜನ ಇಲ್ಲ ಅನ್ನುವ ಹಾಗಿಲ್ಲ, ಅದನ್ನು ಪರೀಕ್ಷೆಯೇ ಮಾಡಿಲ್ಲ. ಸರಿಪಡಿಸಿ ಮತ್ತೆ ಆರು ತಿಂಗಳು ನೋಡಿ.

ಎಲ್ಲರಿಗೂ ಮುಟ್ಟಿ, ವರ್ಷ ಕಳೆದು, ಚುಕ್ಕೆಗಳು ಕದಲದೇ ಇದ್ದರೆ ನಿಲ್ಲಿಸಿ. ಆ ಕೆಲಸ ಮಾಡುತ್ತಿದ್ದವರನ್ನು ಕೂಡಿಸಿ, ಗ್ರಾಫ್ ತೋರಿಸಿ, ಯಾಕೆ ನಿಲ್ಲಿಸುತ್ತಿದ್ದೇವೆ ಅಂತ ಹೇಳಿ. ಅವರ ಆ ಹೊತ್ತನ್ನು ಪಾದ ನೋಡುವುದಕ್ಕೋ, ಬಿಟ್ಟವರನ್ನು ಹುಡುಕುವುದಕ್ಕೋ ಕೊಡಿ. ನಿಲ್ಲಿಸಿದ ತಾರೀಖು, ಕಾರಣ ಎರಡನ್ನೂ ಅದೇ ಹಾಳೆಯ ಮೇಲೆ ಬರೆದು ಫೈಲಿಗೆ ಹಾಕಿ. ಡಾಕ್ಟರು ವರ್ಗಾವಣೆ ಆಗಿ ಹೋಗುತ್ತಾರೆ, ಹೊಸಬರು ಬಂದು ಅದೇ ಯೋಚನೆಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಆ ಫೈಲ್ ಅವರ ಕೈಗೆ ಸಿಗುವಂಥ ಜಾಗದಲ್ಲಿ ಇರಲಿ.